ಉದ್ಯೋಗ: ಏನೂ ಇಲ್ಲ

ಅಮ್ಮಾ,

ನೀನೀಗ ಇದನ್ನು ಓದೋದಿಲ್ಲ. ಆದರೂ ಇವತ್ತಿನ ಸಂಗತಿ ನಿನಗೇ ಹೇಳಬೇಕು.

ಹೆಂಗಸರೇ ಸೇರಿ ಹೆಂಗಸರಿಗಾಗಿ ಕಟ್ಟಿದ ನಿಧಿಯೊಂದರಲ್ಲಿ ನನ್ನ ಕೆಲಸ. ಸ್ವಂತ ಅಂಗಡಿ ಹಾಕುವವರಿಗೆ ನೆರವು ಕೊಡ್ತೀವಿ. ಒಬ್ಬಾಕೆಯ ಅರ್ಜಿಯಲ್ಲಿ ಉದ್ಯೋಗದ ಮುಂದೆ 'ಏನೂ ಇಲ್ಲ' ಅಂತಿತ್ತು. ಸಮಿತಿಯವರು ಅದನ್ನು ಪಕ್ಕಕ್ಕಿಟ್ಟರು. ನನಗೆ ಮನಸ್ಸು ತಡೀಲಿಲ್ಲ, ಅರ್ಜಿ ಹಿಡಿದುಕೊಂಡು ಆಕೆಯ ಮನೆಗೇ ಹೋದೆ. ಬಾಗಿಲಿಂದ ಅಡುಗೆಮನೆವರೆಗೂ ಶಾಲೆ ಸಮವಸ್ತ್ರಗಳು ನೇತಾಡ್ತಿದ್ದವು. ತಲೆ ಬಗ್ಗಿಸಿಕೊಂಡೇ ಒಳಗೆ ಹೋದೆ.

"ಇಷ್ಟೂ ಯಾರು ಹೊಲಿದಿದ್ದು?"

"ನಾನೇ."

"ಮತ್ತೆ ಏನೂ ಇಲ್ಲ ಅಂತ ಯಾಕೆ ಬರೆದ್ರಿ?"

"ಅಯ್ಯೋ, ಮನೇಲಿ ಕೂತು ಮಾಡೋದೂ ಒಂದು ಉದ್ಯೋಗಾನಾ ಮೇಡಂ? ಫಾರಂ ತುಂಬಿದ್ದು ನನ್ನ ಮಗಳು."

ಮಗಳು ನನ್ನ ಮುಖ ನೋಡದೆ ನಿಂತಿದ್ದಳು. ನಾನು ಬೈಯಲಿಲ್ಲ. ಪೆನ್ನು ಅವಳ ಕೈಗೇ ಕೊಟ್ಟೆ. ಬರೆದದ್ದನ್ನು ಹೊಡೆದುಹಾಕಿ 'ಟೈಲರ್' ಅಂತ ದೊಡ್ಡದಾಗಿ ಬರೆದಳು. ನಾಳೆ ಅರ್ಜಿಯನ್ನು ಮತ್ತೆ ಸಮಿತಿಯ ಮುಂದಿಡ್ತೀನಿ.

ನನ್ನ ಶಾಲೆಯ ಫಾರಂನಲ್ಲಿ ನಿನ್ನ ಉದ್ಯೋಗದ ಮುಂದೆ ನಾನೂ 'ಏನೂ ಇಲ್ಲ' ಅಂತಲೇ ಬರೆದಿದ್ದೆ. ನೀನು ಎರಡು ಸಲ ಓದಿದೆ. ಆಮೇಲೆ ನನ್ನ ಹೊಸ ಸಮವಸ್ತ್ರದ ದಾರವನ್ನು ಹಲ್ಲಲ್ಲಿ ಕಡಿದು, ಕೆಳಗೆ ಸಹಿ ಹಾಕಿದೆ.