ಸುಟ್ಟ ಬೋಟಿನ ಸರ್ವೆ

12-10-1970, ಸೋಮವಾರ

ತಲ್ಲೂರಿನಲ್ಲಿ ಗುದ್ದಿದ ಲಾರಿಯ ಇನ್ಶೂರೆನ್ಸ್ ಸರ್ವೆ. ಬಂಪರ್, ರೇಡಿಯೇಟರ್, ಅಷ್ಟೇ. ಸರ್ವೆಯರ್ ಪ್ರೇಮಾನಂದರಾಯರು ನನ್ನ ರಿಪೋರ್ಟ್ ಓದಿ, "ಇನ್ನೊಂದ್ ಒಬ್ನೇ ಮಾಡ್. ಲೈಸೆನ್ಸಿಗೆ ನಾನ್ ಬರೀತೆ" ಎಂದರು. ವರ್ಷಗಟ್ಟಲೆ ಅವರ ಬ್ಯಾಗು ಹೊತ್ತದ್ದು ದಂಡವಾಗಲಿಲ್ಲ. ಅಮ್ಮ ಮೀನಿನ ಬುಟ್ಟಿ ಇಳಿಸಿ, "ಇನ್ನ್ ನಾನ್ ಇದ್ ಹೊರುದ್ ಬ್ಯಾಡ ಹಂಗಾರೆ" ಎಂದು ನಕ್ಕಳು.

15-10, ಗುರುವಾರ

ನಮ್ಮ ಕೇರಿಯ ಬಚ್ಚಣ್ಣನ ಮಿಷನ್ ಬೋಟು ಹೊಳೆಯ ಅಳಿವೆಯಲ್ಲಿ ಒಡೆಯಿತು. ಅದರಲ್ಲಿ ಆಳಾಗಿದ್ದ ಗುಡ್ಡ ಹೋದ. ನನ್ನ ಜೊತೆ ಶಾಲೆಗೆ ಬಂದವ... ಆಳನ್ನು ತಿಂದ ಬೋಟನ್ನು ಅವನ ಜೊತೆಯೇ ಸುಡಬೇಕು — ನಮ್ಮ ಕೇರಿಯ ಕ್ರಮ. ಮನೆಗೊಬ್ಬರು ಒಡೆದ ಹಲಗೆ ಹೊತ್ತು ಚಿತೆಗಿಟ್ಟೆವು. ನಾನೂ ಹೊತ್ತೆ. ಹೆಗಲು ಇನ್ನೂ ಉರಿಯುತ್ತಿದೆ.

19-10, ಸೋಮವಾರ

ರಾಯರು ಕೊಟ್ಟ ಫೈಲು ಬಚ್ಚಣ್ಣನ ಬೋಟಿನದ್ದು. ಇನ್ಶೂರೆನ್ಸ್ ಇದೆಯೆಂದೇ ಗೊತ್ತಿರಲಿಲ್ಲ. ಸರ್ವೆಯರ್ ನೋಡುವ ಮೊದಲು ಏನೂ ಮುಟ್ಟಬಾರದು ಎಂದು ಮೊನ್ನೆ ಲಾರಿಯವನಿಗೆ ಉಪದೇಶ ಮಾಡಿದವ ನಾನೇ.

ರಾಯರಿಗೆ ಎಲ್ಲ ಹೇಳಿದೆ. ಕನ್ನಡಕ ಒರೆಸುತ್ತ ಕೂತರು. "ಒಡ್ದದ್ ನೀನ್ ಕಂಡಿದ್ದೆ ಅಂದ್ ಬರಿ, ಬಚ್ಚಂಗ್ ದುಡ್ ಬತ್ತ್. ಆದ್ರೆ ಸುಟ್ಟವ್ರಲ್ಲಿ ನೀನೂ ಒಬ್ಬ ಅಂದ್ ಕಂಪೆನಿಗ್ ಗೊತ್ತಾತ್ತ್. ಲೈಸೆನ್ಸ್ ಮರ್ತ್ ಬಿಡ್."

20-10

ಕೇರಿಯಲ್ಲಿ ಬಚ್ಚಣ್ಣನ ಮನೆಗೆ ಹೋದೆ, ಬ್ಯಾಗು ಹಿಡಿದು. ದಾರಿಯಲ್ಲಿ ಗುಡ್ಡನ ಹೆಂಡತಿ ಗುಲಾಬಿ ತನ್ನ ಜಗಲಿಯಲ್ಲಿ ಗೋಡೆಗೆ ಒರಗಿದ್ದಳು. ಬಚ್ಚಣ್ಣ ಅಂದರು, "ನೀನೇ ಬಂದದ್ ಒಳ್ಳೇದಾಯ್ತ್ ಮಾರಾಯ. ನೀನ್ ಕಂಡಿದ್ಯಲೆ ಎಲ್ಲ." ಹೌದೆಂದು ತಲೆಯಾಡಿಸಿದೆ.

ಸಂಜೆ ರಿಪೋರ್ಟ್ ಕೊಟ್ಟೆ. ‘ಸರ್ವೆಗೆ ಮೊದಲೇ ಮಾಲೀಕರ ಕಡೆಯವರು ಬೋಟು ಸುಟ್ಟಿದ್ದಾರೆ. ನೋಡಲು ಏನೂ ಉಳಿದಿಲ್ಲ.’ ನನ್ನ ಹೆಸರು ಅದರಲ್ಲಿಲ್ಲ, ಕೆಳಗೆ ಸಹಿ ಬಿಟ್ಟರೆ. ಥೂ ನನ್ನ ಜನ್ಮಕ್ಕೆ.

8-3-1971, ಸೋಮವಾರ

ಸಿಮ್ಲಾದ ಇನ್ಶೂರೆನ್ಸ್ ಕಂಟ್ರೋಲರ್ ಆಫೀಸಿನಿಂದ ಲೈಸೆನ್ಸ್ ಬಂತು. ಬಚ್ಚಣ್ಣನಿಗೆ ಕಂಪೆನಿಯ ಉತ್ತರ ಮೊದಲೇ ಬಂದಿತ್ತು — ಕ್ಲೇಮ್ ಇಲ್ಲ. ಯಾರ ರಿಪೋರ್ಟ್ ಎಂದು ಕೇರಿಗೆಲ್ಲ ಗೊತ್ತು. ಈಗ ಬಚ್ಚಣ್ಣ ಬೇರೆಯವರ ಬೋಟಿನಲ್ಲಿ ಆಳು.

ಅಮ್ಮ ಲೈಸೆನ್ಸ್ ಮುಟ್ಟಲಿಲ್ಲ. "ನನ್ ಖರ್ಚ್ ನಾನ್ ಕಾಣ್ತೆ" ಎಂದಳು. ಕೇರಿಯವರು ಅವಳಿಗೆ ಮೀನು ಕೊಡುವುದಿಲ್ಲ. ಈ ಪ್ರಾಯದಲ್ಲಿ ದೋಣಿಯಲ್ಲಿ ಹೊಳೆ ದಾಟಿ ಮೀನಿಗೆ ಗಂಗೊಳ್ಳಿಗೆ ಹೋಗುತ್ತಾಳೆ.

2-6, ಬುಧವಾರ

ಅಮ್ಮ ಹೋದಳು. ದೋಣಿ ಹತ್ತುವಲ್ಲಿ ಬುಟ್ಟಿ ಸಮೇತ ಕುಸಿದಳಂತೆ. ಮಧ್ಯಾಹ್ನ ದಾಟಿತು. ಒಂದು ನರಪಿಳ್ಳೆಯೂ ಇತ್ತ ಬಂದಿಲ್ಲ. ಹೊರುವವರು ಯಾರು...

ಸಂಜೆ

ಬಚ್ಚಣ್ಣ ಬಂದರು. ಹಿಂದೆ ಕೇರಿಯ ಗಂಡಸರೆಲ್ಲ. ಎಲ್ಲರ ಹೆಗಲಲ್ಲೂ ಕಟ್ಟಿಗೆ. ಅಂಗಳದಲ್ಲಿ ಇಳಿಸಿದರು. ಬಚ್ಚಣ್ಣನ ಕೈ ಹಿಡಿಯಲು ಹೋದೆ. ಅವರು ಹಿಂದೆ ಸರಿದರು.

"ಎಲ್ಲ ಇಲ್ಲೇ ಇತ್. ಯಾರೂ ಎಂತದೂ ಮುಟ್ಲಿಲ್ಲೆ. ನೀವ್ ಕಂಡ್ ಬರ್ಕಣಿ. ಮತ್ ಸುಡುವ."

ಒಳಗೆ ಬಂದು ಕೂತಿದ್ದೇನೆ. ಹೊರಗೆ ಕಾಯುತ್ತಿದ್ದಾರೆ. ಹೇಗೆ ಎದ್ದು ಅವರೆದುರು ಹೋಗಲಿ —