ನೀಲಿ ಹತ್ತದ ಹೆಬ್ಬೆರಳು

ನವೆಂಬರ್ 9, ಸೋಮವಾರ. ಜಿಂಗ್‌ದೆಜೆನ್.

ಇವತ್ತು ಭಟ್ಟಿಯಿಂದ ಪಿಂಗಾಣಿ ತಟ್ಟೆ ಬಂತು. ಅದರ ಮೇಲೆ ಮಗಳು ಮಿಯಾನ್‌ಳ ಪುಟ್ಟ ಪಾದದ ಗುರುತು, ನಾಲ್ಕು ಬೆರಳು, ಎಲ್ಲ ಕಡುನೀಲಿ. ಹೆಬ್ಬೆರಳಿನ ಜಾಗ ಮಾತ್ರ ಬಿಳಿ.

ಹತ್ತು ದಿನದ ಹಿಂದೆ ಅವಳ ಅಂಗಾಲಿಗೆ ಕೋಬಾಲ್ಟ್ ಆಕ್ಸೈಡ್ ಹಚ್ಚಿದ್ದೆ. ಹಚ್ಚುವಾಗ ಅದು ಮಸಿಯ ಹಾಗೆ ಕಪ್ಪು, ಬೆಂದ ಮೇಲೇ ನೀಲಿ. ದಿನವೂ ಹೂದಾನಿಗಳಿಗೆ ಬಳಿಯುವ ಬಣ್ಣ. ಹೊಟ್ಟೆಗೆ ಹೋದರೆ ವಿಷವೆಂದು ಪಿಂಗಾಣಿ ಕೆಲಸದ ಪರೀಕ್ಷೆಯಲ್ಲಿ ಬರೆದವಳು ನಾನು. ಹಸಿ ತಟ್ಟೆ ಎತ್ತಿಕೊಳ್ಳಲು ತಿರುಗಿದೆ, ಅಷ್ಟರಲ್ಲಿ ಕಾಲಿನ ಹೆಬ್ಬೆರಳು ಅವಳ ಬಾಯಲ್ಲಿತ್ತು. ತುಟಿಯೆಲ್ಲ ಕಪ್ಪು.

ಬಾಯಿ ಒರೆಸಿದ್ದು ಆಮೇಲೆ. ಬಣ್ಣ ಒಣಗಿಬಿಡುತ್ತದೆ ಎಂದು ಮೊದಲು ಪಾದವನ್ನು ತಟ್ಟೆಗೆ ಒತ್ತಿದೆ. ಹೌದು, ಮೊದಲು ಒತ್ತಿದೆ.

"ಒಂಚೂರು ತಾನೆ, ಹೆದರ್ಬೇಡಿ," ಎಂದರು ಡಾಕ್ಟರು. ಪಕ್ಕದ ಮನೆಯ ಯು ಅಜ್ಜಿ ನಕ್ಕಳು. "ಕುಂಚದ ತುದಿ ನೆಕ್ಕಿ ನೆಕ್ಕಿ ಐವತ್ತು ವರ್ಷ ನನ್ನ ನಾಲ್ಗೆ ಕಪ್ಪಗಿತ್ತು ಕಣೇ. ನಾನೇನು ಸತ್ತೋದ್ನಾ?" ಯಾವುದು ಮೊದಲು, ಯಾವುದು ಆಮೇಲೆ ಎಂದು ಇಬ್ಬರೂ ಕೇಳಲಿಲ್ಲ.

ಹಡಗಿನ ಕೆಲಸದಲ್ಲಿರುವ ಗಂಡ ಝಾವೊಹೆ ಮಗಳನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ. ತಟ್ಟೆ ಮಾಡಿದ್ದು ಅವನಿಗಾಗಿಯೇ. ಫೋನಿನಲ್ಲಿ ತೋರಿಸಿದೆ.

"ಏ, ಹೆಬ್ಬೆಟ್ಟು ಎಲ್ಲೇ? ನೀನೇ ತಿಂದ್ಬಿಟ್ಯಾ?"

"ಒದ್ದಳು," ಎಂದೆ.

"ಅಪ್ಪನ ಮಗಳು," ಎಂದು ನಕ್ಕ. ಅಷ್ಟರಲ್ಲಿ ಸಂಪರ್ಕ ಕಡಿಯಿತು.

ಈ ಬಣ್ಣವನ್ನು ನಾವು ನಂಬುವುದೇ ಅದು ಉಳಿಯುತ್ತದೆಂದು. ಅಂಥ ಬೆಂಕಿಗೂ ಹೋಗುವುದಿಲ್ಲ, ನೂರಾರು ವರ್ಷ ಮಾಸುವುದಿಲ್ಲ. ಬಣ್ಣ ತಾಗದ ಜಾಗವೂ ಹಾಗೆಯೇ ಉಳಿಯುತ್ತದೆ.

ಈಗಷ್ಟೇ ಅವಳ ತುಟಿಯನ್ನು ಮತ್ತೊಮ್ಮೆ ನೋಡಿ ಬಂದೆ. ಕೆಂಪಗೇ ಇದೆ. ಮೊದಲು ಒತ್ತಿದ್ದನ್ನು ಅವನು ಬಂದ ದಿನವೇ ಹೇಳಿಬಿಡಬೇಕು. ಬರುವುದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಈ ತಟ್ಟೆಯನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಎಲ್ಲಿ ಇಡಲಿ?