ಇನ್ನೂರ ನಲವತ್ತು ದೀಪದ ಮುಸುಕು

ದಿನಾಂಕ ೧೪, ಮಂಗಳವಾರ
ಅಂಗಡಿಯಿಂದ, ಗಿರಾಕಿ ಇಲ್ಲದ ಹೊತ್ತಿನಲ್ಲಿ

ನನ್ನ ಪುಟ್ಟಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಮಾತು. ಬೂಟಿನವರ, ಅಂದರೆ ಆ ಸೇನೆಯವರ, ಆಳ್ವಿಕೆಯಲ್ಲಿ ಏನೇನು ನಡೆಯಿತು ಎಂದು ಹುಡುಕುವ ನಿನ್ನ ಈ ಕೆಲಸಕ್ಕೆ ಇದುವರೆಗೆ ಹೋದದ್ದು: ದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿ ಒಂಬತ್ತು ವರ್ಷ, ಎರಡು ಸಲ ಏರಿದ ಕನ್ನಡಕದ ನಂಬರು, ಧೂಳಿಗೆ ಹತ್ತಿಕೊಂಡ ಕೆಮ್ಮು, ಮುರಿದುಹೋದ ಒಂದು ಮದುವೆಯ ಮಾತುಕತೆ. ನನ್ನ ಕಡೆಯಿಂದ ಹೋದದ್ದು: ನಿನ್ನ ಪತ್ರ ಬಂದ ಈ ಹನ್ನೊಂದು ದಿನದಲ್ಲಿ ತಪ್ಪಾಗಿ ಕತ್ತರಿಸಿದ ಎರಡು ಷರಟು, ಸೂಜಿ ಚುಚ್ಚಿಸಿಕೊಂಡ ಒಂದು ಬೆರಳು. ನಲವತ್ತು ವರ್ಷ ಹೊಲಿದವಳು ಬೆರಳಿಗೆ ಸೂಜಿ ಚುಚ್ಚಿಸಿಕೊಂಡಳು ಅಂದರೆ ನೀನೇ ಲೆಕ್ಕ ಹಾಕಿಕೋ.

ನೀನು ಕಳಿಸಿದ ರಸೀದಿಯ ನಕಲು ಹಾರಿಹೋಗದಂತೆ ಕತ್ತರಿಯ ಕೆಳಗೆ ಇಟ್ಟಿದ್ದೇನೆ. ‘ದೀಪದ ಮುಸುಕು, ದಪ್ಪ ಕಪ್ಪು ಬಟ್ಟೆ, ಬಾಯಿಗೆ ಲಾಡಿ ಸಹಿತ, ೨೪೦.’ ನೀನು ಮೂರು ಪ್ರಶ್ನೆ ಕೇಳಿದ್ದೀಯೆ. ಸಹಿ ನನ್ನದೇ? ಅವು ಯಾತಕ್ಕೆ ಎಂದು ಗೊತ್ತಿತ್ತೇ? ಪುಸ್ತಕದಲ್ಲಿ ನನ್ನ ಹೆಸರು ಹಾಕಬಹುದೇ, ಇಲ್ಲಾ ‘ಒಬ್ಬ ದರ್ಜಿ’ ಎಂದರೆ ಸಾಕೇ? ಎಷ್ಟು ನಾಜೂಕಾಗಿ ಕೇಳಿದ್ದೀಯೆ ಕಣೇ. ಹೆತ್ತವಳನ್ನಲ್ಲ, ಪರಿಚಯವಿಲ್ಲದ ಸಾಕ್ಷಿಯನ್ನು ಕೇಳಿದ ಹಾಗಿದೆ.

ಸಹಿ ನನ್ನದೇ. ಆಗಷ್ಟೇ ಬರೆಯಲು ಕಲಿತಿದ್ದೆ. ಕೊನೆಯ ಅಕ್ಷರದ ಬಾಲ ಅಷ್ಟು ಉದ್ದ ಎಳೆದಿರುವುದು ಆ ಜಂಬಕ್ಕೆ.

ಎರಡನೆಯ ಪ್ರಶ್ನೆಗೆ ‘ಗೊತ್ತಿರಲಿಲ್ಲ’ ಎಂದು ಮೂರು ಸಲ ಬರೆದೆ, ಮೂರು ಹಾಳೆ ಹರಿದೆ. ಆಗ ನಿನಗೆ ಆರು ವರ್ಷ. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಗೂಡು, ಅದರಲ್ಲಿ ಒಂದು ಹೊಲಿಗೆ ಮೆಷಿನ್ನು. ನಾನು ಹೊಲಿದದ್ದಕ್ಕೆ ನಿನ್ನ ಅಪ್ಪ ಇಸ್ತ್ರಿ ಹಾಕುತ್ತಿದ್ದರು. ಒಂದು ದಿನ ಸೆರೆಮನೆಯ ಉಗ್ರಾಣದ ಗುಮಾಸ್ತ ಬಂದ. ಕತ್ತು ಚಾಚಿ ನಡೆಯುತ್ತಿದ್ದನೆಂದು ಬೀದಿಯವರೆಲ್ಲ ಅವನಿಗೆ ಕೊಕ್ಕರೆ ಅನ್ನುತ್ತಿದ್ದರು, ಅದೂ ಕಿಟಕಿ ಮುಚ್ಚಿಕೊಂಡು. ಅವನು ಕೊಟ್ಟ ಚೀಟಿಯಲ್ಲಿ ಉದ್ದ ಹದಿನಾರು ಇಂಚು, ಸುತ್ತಳತೆ ಇಪ್ಪತ್ತಾರು. ದೀಪದ ಅಳತೆ ಎಷ್ಟಿರುತ್ತದೋ ನಾನು ಕಾಣೆ. ಆದರೆ ನಾನು ಟೋಪಿ ಹೊಲಿದವಳು. ಟೋಪಿಯ ಇಪ್ಪತ್ತೆರಡಕ್ಕೆ ನಾಲ್ಕು ಇಂಚು ಸಡಿಲ ಬಿಟ್ಟರೆ ಅದರೊಳಗೆ ಏನು ಹಿಡಿಸುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿನ್ನ ಅಪ್ಪ ಮೊದಲ ಹತ್ತೋ ಹನ್ನೆರಡೋ ಚೀಲಕ್ಕೆ ಇಸ್ತ್ರಿ ಹಾಕಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆಯ ಕೆಂಡ ಹೊರಗೆ ಸುರಿದುಬಿಟ್ಟರು.

“ಇದಕ್ಕೆ ಇಸ್ತ್ರಿ ಯಾಕೆ ಕಣೇ. ಒಳಗಿರೋರು ಸುಕ್ಕು ನೋಡ್ತಾರಾ?” ಅಂದರು.

ಆ ವಿಷಯವಾಗಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ. ಅವರು ಸಾಯುವವರೆಗೂ ಅಷ್ಟೇ.

ಎರಡು ತಿಂಗಳು ಕಳೆದ ಮೇಲೆ ಕೊಕ್ಕರೆ ಒಂದು ಗಂಟು ಹೊತ್ತುಕೊಂಡು ಬಂದ. ಬಳಸಿದ ಚೀಲಗಳು. ಬಿಚ್ಚಿದರೆ ಬೆವರು, ತಲೆಗೆ ಹಚ್ಚುವ ಎಣ್ಣೆ, ಇನ್ನೇನೋ ಹುಳಿ ವಾಸನೆ. ಒಂದರ ಲಾಡಿಗೆ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ಗೆರೆ ಬೀಳುತ್ತಿದೆಯಂತೆ, ಅಂದ. ನನ್ನ ಬಾಯಿ ಗೊತ್ತಲ್ಲ, ಎಲ್ಲಿ ಸಾರ್, ದೀಪದ ಮೇಲಾ, ಅಂದುಬಿಟ್ಟೆ. ಅವನು ನಗಲಿಲ್ಲ. ತನ್ನ ಕಿವಿಯ ಮುಂದಿನಿಂದ ಗದ್ದದವರೆಗೆ ಬೆರಳು ಎಳೆದು ತೋರಿಸಿದ. ಚೀಲ ಹೊಲಿದಾಗ ಬಟ್ಟೆಯ ಅಂಚು ಒಳಗಡೆ ಉಳಿಯುತ್ತದೆ, ಹೊರಗೆ ಅಂದ ಕಾಣಬೇಕಲ್ಲ. ದಪ್ಪ ಬಟ್ಟೆಯ ಆ ಅಂಚು ದಿನಗಟ್ಟಲೆ ಕೆನ್ನೆಗೆ ಒತ್ತಿದರೆ ಚರ್ಮ ಕೊರೆಯುತ್ತದೆ. ಅಂಚು ಹೊರಗೆ ಬರುವಂತೆ ತಿರುಗಿಸಿ ಹೊಲಿಯಬೇಕೆಂದು ಆಜ್ಞೆಯಾಯಿತು. ತಿರುಗಿಸಿ ಹೊಲಿದೆ.

ಹೊಲಿಯುವ ಮೊದಲು ಒಗೆದು ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿದ್ದೆ. ನೀನು ಅವುಗಳ ಕೆಳಗೆ ಆಡುತ್ತಿದ್ದೆ. ಗಾಳಿ ಬಂದರೆ ಒಂದೊಂದೂ ಉಬ್ಬುತ್ತಿತ್ತು, ಗಾಳಿ ನಿಂತರೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಇವತ್ತಿಗೂ ಹಾಡುಹಗಲಲ್ಲಿ ಯಾರದೋ ಮನೆಯ ಅಂಗಿ ಹಾಗೆ ಉಬ್ಬಿದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ವಯಸ್ಸಾದ ಗಿರಾಕಿಗಳ ಕೊರಳಳತೆ ತೆಗೆಯುವಾಗ ಕಣ್ಣು ತಾನಾಗಿ ಕಿವಿಯ ಮುಂದಕ್ಕೆ ಹೋಗುತ್ತದೆ. ಇಷ್ಟು ವರ್ಷ ಗೆರೆ ಉಳಿಯುವುದಿಲ್ಲ ಎಂದು ಗೊತ್ತು. ಆದರೂ ಟೇಪು ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ. ಅಳತೆ ತಪ್ಪಿತೇನಮ್ಮಾ ಎಂದು ಅವರೇ ನನ್ನನ್ನು ಕೇಳುತ್ತಾರೆ.

ನೀನು ಕಳಿಸಿದ ಅಧ್ಯಾಯದ ಕರಡನ್ನೂ ಓದಿದೆ. ಮೂರನೇ ತಿಂಗಳಿನಿಂದ ಕೈದಿಗಳ ಮುಸುಕು ಬದಲಾಯಿತು, ಮೇಲಿನವರು ಸ್ವಲ್ಪ ಮೆತ್ತಗಾಗಿದ್ದರ ಸೂಚನೆ ಇರಬಹುದು ಎಂದು ಬರೆದಿದ್ದೀಯೆ. ನಾಲ್ಕು ಪುಟ ದಾಟಿದ ಮೇಲೆ, ಅದೇ ತಿಂಗಳಿನಿಂದ ವೈದ್ಯರು ‘ಮುಖದ ಮೇಲೆ ಯಾವ ಗುರುತೂ ಇಲ್ಲ’ ಎಂದು ಬರೆದುಕೊಟ್ಟರು, ದಿನಗಟ್ಟಲೆ ಮುಸುಕು ಹಾಕಿಟ್ಟರೆಂಬ ಮೂವತ್ತೊಂದು ಜನರ ದೂರು ಬಿದ್ದುಹೋಯಿತು ಎಂದಿದ್ದೀಯೆ. ಅಷ್ಟು ಓದಿದವಳು, ಆ ಎರಡು ಪುಟ ಅಕ್ಕಪಕ್ಕ ಇಟ್ಟು ನೋಡಲಿಲ್ಲವಲ್ಲ, ಪುಟ್ಟಿ.

ಮೂರನೆಯ ಪ್ರಶ್ನೆ. ಹೆಸರು ಬೇಡ. ನನಗೆ ಈ ಬೀದಿಯಲ್ಲಿ ಇನ್ನೂ ಬಾಳಬೇಕಿದೆ. ಆಜ್ಞೆ ಅವರದು, ಹೊಲಿಗೆಯಷ್ಟೇ ನನ್ನದು. ‘ಒಬ್ಬ ದರ್ಜಿ’ ಅಂದರೆ ಸಾಕು.

ಕೆಮ್ಮಿಗೆ ಬಿಸಿನೀರು ಕುಡಿ. ನೆಲಮಾಳಿಗೆಯಲ್ಲಿ ಕೂತಾಗ ಮೂಗಿಗೆ ಬಟ್ಟೆ ಕಟ್ಟಿಕೋ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಎರಡು ದಿನ ಇಟ್ಟುಕೊಂಡಿದ್ದೆ, ಈಗ ಒಡೆದೆ. ಯಾರೂ ಆಜ್ಞೆ ಮಾಡಲಿಲ್ಲ. ಕೊಕ್ಕರೆಗೆ ಹೊಲಿಗೆಯ ಗಂಧವೇ ಇರಲಿಲ್ಲ. ಅವನು ಬಂದದ್ದು ಸರಕು ಹಿಂದಿರುಗಿಸಿ, ಕೆಲಸವನ್ನು ಬೇರೆಯವರಿಗೆ ಕೊಡಲು. ಗಂಟು ಬಿಸಾಕಿ ಹೊರಟಿದ್ದವನನ್ನು ಕೂಗಿ ನಿಲ್ಲಿಸಿದವಳು ನಾನು.

“ತಾಳಿ ಸಾರ್,” ಅಂದೆ, “ಅಂಚು ಹೊರಗೆ ಹಾಕಿದ್ರೆ ಗೆರೆ ಬೀಳಲ್ಲ.”

ಯೋಚಿಸಿ ಹೇಳಿದ್ದಲ್ಲ. ಕೈಯಲ್ಲಿ ಕಸುಬಿತ್ತು, ಬಾಯಿಗೆ ಬಂತು. ಹೇಳಿ ಮುಗಿಸುವ ಹೊತ್ತಿಗೆ ಲಾಡಿಯಲ್ಲಿದ್ದ ಆ ಉದ್ದನೆಯ ಕೂದಲು ನನ್ನ ಬೆರಳಿಗೆ ಸುತ್ತಿಕೊಂಡಿತ್ತು.

ಹೆಸರು ಹಾಕು. ಅಂಗಡಿಯ ಹೆಸರನ್ನೂ ಸೇರಿಸು. ಕೆಳಗೆ ಇದನ್ನೂ ಬರೆ, ಯಾರಿಗೆ ಏನು ದಕ್ಕಿತು ಎಂದು ಓದುವವರಿಗೆ ತಿಳಿಯಲಿ. ಕೊಕ್ಕರೆಗೆ ಬಡ್ತಿ. ವೈದ್ಯರಿಗೆ ಧೈರ್ಯವಾಗಿ ಬರೆಯಬಹುದಾದ ಒಂದು ಸಾಲು. ನನಗೆ ಎರಡನೇ ಮೆಷಿನ್ನು, ಬೀದಿಗೆ ಬಾಗಿಲಿರುವ ಅಂಗಡಿ. ನಿನಗೆ ಓದು, ಶಾಲೆಯ ಮೊದಲ ದಿನದಿಂದ ಕೊನೆಯ ಪದವಿಯವರೆಗೆ. ಆ ಮೂವತ್ತೊಂದು ಜನಕ್ಕೆ, ಗೆರೆಯಿಲ್ಲದ ಕೆನ್ನೆ.